ಬಾರದ ದಿನಗಳ ಲೆಕ್ಕ

ಮಡಿಕೇರಿಗೆ ಹೋದವರು ಗದ್ದುಗೆಯನ್ನು ನೋಡದೆ ಹಿಂದಿರುಗುವುದು ಅಪರೂಪ. ಗುಮ್ಮಟಗಳುಳ್ಳ ಆ ಸಮಾಧಿಗಳಲ್ಲೊಂದರಲ್ಲಿ ದೊಡ್ಡ ವೀರರಾಜೇಂದ್ರನೂ ಅವನ ರಾಣಿ ಮಹಾದೇವಮ್ಮಾಜಿಯೂ ಒಂದೇ ಸೂರಿನಡಿ ಮಲಗಿದ್ದಾರೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗೆದ್ದವನು, 1790ರಲ್ಲಿ ಇಂಗ್ಲಿಷರೊಡನೆ ಕೌಲು ಮಾಡಿಕೊಂಡವನು, ವೀರರಾಜಪೇಟೆಯನ್ನು ಕಟ್ಟಿಸಿದವನು, ತನ್ನ ಮನೆತನದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂಬ ಹೆಸರಿನಿಂದ ಕನ್ನಡದಲ್ಲಿ ಬರೆಯಿಸಿದವನು ಈ ಅರಸ. 1807ರಲ್ಲಿ ಮಹಾದೇವಮ್ಮಾಜಿ ತೀರಿಕೊಂಡಳು. ಗಂಡುಸಂತಾನವಿಲ್ಲದ ಕೊರಗು ಮೊದಲೇ ಇತ್ತು. ರಾಣಿಯ ಅಗಲಿಕೆ ಅದಕ್ಕೆ ಸೇರಿತು. ಅರಸನ ಚಿತ್ತ ಕದಡಿತು. ಬಂಧುಗಳ ಮೇಲೆ, ಸೇವಕರ ಮೇಲೆ, ಕಾವಲಿನವರ ಮೇಲೆ ಅನುಮಾನ ಹುಟ್ಟಿತು. ಆವೇಶ ಏರಿದಾಗ ಮರಣಾಜ್ಞೆಗಳು ಹೊರಡುತ್ತಿದ್ದವು. ಆವೇಶ ಇಳಿದಾಗ ಪಶ್ಚಾತ್ತಾಪ ಬರುತ್ತಿತ್ತು. 1809ರ ಜೂನ್ ತಿಂಗಳಲ್ಲಿ ಅವನು ಕಣ್ಣು ಮುಚ್ಚಿದನು.

ಕೊಡಗಿನ ಚರಿತ್ರೆಯಲ್ಲಿ ಮನೋರೋಗಿಯೆಂದು ಹೆಸರು ಹಿಡಿದು ಗುರುತಿಸಬಹುದಾದ ಮನುಷ್ಯನೆಂದರೆ ಮೊದಲು ನೆನಪಿಗೆ ಬರುವವನು ಈತನೇ. ಅವನನ್ನು ಇಂದು ನೆನೆಯುವುದು ಅವನ ಕ್ರೌರ್ಯವನ್ನು ಎಣಿಸುವುದಕ್ಕಲ್ಲ. ಕೊನೆಯ ಉಸಿರಿನವರೆಗೂ ಅವನು ತನ್ನ ಕೆಲಸದಲ್ಲಿಯೇ ಉಳಿದನೆಂಬ ಒಂದು ಸಂಗತಿಯನ್ನು ಎತ್ತಿ ತೋರಿಸುವುದಕ್ಕೆ. ಅವನು ದರ್ಬಾರಿಗೆ ಬಾರದ ದಿನಗಳನ್ನು ಲೆಕ್ಕವಿಡುವವರಿರಲಿಲ್ಲ. ಅವನ ಕೆಲಸವನ್ನು ಆ ದಿನಗಳಲ್ಲಿ ಯಾರು ಯಾರೋ ನಿರ್ವಹಿಸಿದರು. ಅವನು ಎದ್ದು ಬಂದಾಗ ಆಸನ ಹಾಗೆಯೇ ಇತ್ತು. ಅದೇ ಕಾಲದಲ್ಲಿ ಅದೇ ನಾಡಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಒಬ್ಬ ಬಡವನಿಗೆ ಇದೇ ವ್ಯಾಧಿ ಬಂದಿದ್ದರೆ ಏನಾಗುತ್ತಿತ್ತು? ಅವನು ಬಾರದ ದಿನಗಳ ಲೆಕ್ಕವನ್ನು ಯಾರು ಇಡುತ್ತಿದ್ದರು? ಆ ದಿನದ ಹೊರೆಯನ್ನು ಯಾರು ಹೊರುತ್ತಿದ್ದರು? ತೀವ್ರ ಮನೋರೋಗಕ್ಕೆ ತುತ್ತಾದವರಿಗೆ ಉದ್ಯೋಗ ದೊರೆಯುವುದು, ದೊರೆತದ್ದು ಉಳಿಯುವುದು ಎಂಬ ವಿಷಯದ ಸಾರವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ.

ಬಡವನ ಕಥೆ ದಾಖಲೆಗಳಲ್ಲಿ ಸಿಗುವುದು ಕಷ್ಟ. 1834ರಲ್ಲಿ ಕೊಡಗು ಇಂಗ್ಲಿಷರ ಆಳ್ವಿಕೆಗೆ ಸೇರಿತು. ಮುಂದೆ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯತೊಡಗಿದಾಗ ಗಣತಿಯ ನಮೂನೆಯಲ್ಲಿ ಎರಡು ಕಲಮುಗಳಿದ್ದವು. ಒಂದು ಉದ್ಯೋಗದ್ದು. ಇನ್ನೊಂದು ವೈಕಲ್ಯದ್ದು, ಕುರುಡರು, ಕಿವುಡುಮೂಗರು, ಕುಷ್ಠರೋಗಿಗಳು, ಬುದ್ಧಿಭ್ರಮಣೆಯವರು ಎಂದು ಅಲ್ಲಿ ಬರೆದುಕೊಳ್ಳುತ್ತಿದ್ದರು. 1931ರ ಗಣತಿಯವರೆಗೂ ಈ ಪದ್ಧತಿ ನಡೆದುಬಂತು. ಒಂದೇ ಮನುಷ್ಯನ ಹೆಸರಿನ ಮುಂದೆ ಒಂದೇ ಹಾಳೆಯಲ್ಲಿ ಇದ್ದ ಈ ಎರಡು ಕಲಮುಗಳು ಆಳುವವರ ಆಲೋಚನೆಯಲ್ಲಿ ಮಾತ್ರ ಎಂದೂ ಕೂಡಲಿಲ್ಲ. ಬುದ್ಧಿಭ್ರಮಣೆಯವರು ಎಷ್ಟು ಮಂದಿ ಎಂದು ಕೇಳಿದ ಸರ್ಕಾರ, ಅವರನ್ನು ಎಲ್ಲಿ ಇಡಬೇಕೆಂದು ಕೇಳಿತು. ಅವರು ಏನು ಮಾಡಬಲ್ಲರು ಎಂದು ಕೇಳಲಿಲ್ಲ.

ಆದರೆ ಆ ಪ್ರಶ್ನೆಗೆ ಹಳೆಯ ಕೊಡಗಿನ ಬದುಕು ತನ್ನದೇ ಆದ ರೀತಿಯಲ್ಲಿ ಒಂದು ಉತ್ತರವನ್ನು ಕೊಟ್ಟಿತ್ತು. ಕೊಡವರ ಒಕ್ಕದ ವಿಷಯ ನಮ್ಮ ಓದುಗರಿಗೆ ಹೊಸತಲ್ಲ. ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥ ಅದನ್ನು ಲೋಕಕ್ಕೆಲ್ಲ ಪರಿಚಯಿಸಿತು. ಐನ್‌ಮನೆಯೊಂದರ ಸುತ್ತ ಕಟ್ಟಿಕೊಂಡ ಈ ಕುಲಕ್ಕೆ ಜಮ್ಮಾ ಭೂಮಿಯೇ ಆಧಾರ. ಆ ಭೂಮಿಗೆ ಕಂದಾಯ ಸಾಗು ಜಮೀನಿನ ಅರ್ಧದಷ್ಟು. ಅದನ್ನು ಮಾರುವಂತಿರಲಿಲ್ಲ, ಪಾಲು ಮಾಡಿ ಪರಭಾರೆ ಮಾಡುವಂತಿರಲಿಲ್ಲ. ಪಟ್ಟೇದಾರನ ಹೆಸರಿನಲ್ಲಿ ದಾಖಲಾಗಿದ್ದರೂ ಹಕ್ಕು ಇಡೀ ಒಕ್ಕದ್ದು. ಹೀಗಾಗಿ ಒಕ್ಕದಲ್ಲಿ ಹುಟ್ಟಿದವನಿಗೆ ಕೆಲಸ ಎಂಬುದು ಯಾರೋ ಕೊಡುವ, ಯಾರೋ ಕಿತ್ತುಕೊಳ್ಳುವ ವಸ್ತುವಾಗಿರಲಿಲ್ಲ. ಹುಟ್ಟಿನಿಂದಲೇ ಬಂದ ಪಾಲು ಅದು.

ಅಂಥ ಮನೆಯಲ್ಲಿ ಕೆಲಸದ ಮೆಟ್ಟಿಲುಗಳೂ ಹಲವು. ಉಳುಮೆ, ನಾಟಿ ಆಗದವನು ದನ ಹೊಡೆದುಕೊಂಡು ಹೋಗಬಹುದು. ಅದೂ ಆಗದವನು ಸೌದೆ ಸೀಳಬಹುದು. ಮಾತು ಬೇಡವೆನ್ನಿಸುವವನು ಕಾಡುಹಂದಿಯಿಂದ ಪೈರನ್ನು ಉಳಿಸಲು ಅಟ್ಟಣೆಯ ಮೇಲೆ ಕುಳಿತು ಇರುಳು ಕಾಯಬಹುದು. ಅಂಗಳದಲ್ಲಿ ಭತ್ತ ಹರಡಿದಾಗ ಕೋಳಿ ಓಡಿಸುವುದೂ ಕೆಲಸವೇ. ಚಿತ್ತ ಸ್ಥಿಮಿತದಲ್ಲಿಲ್ಲದ ಒಂದು ವಾರ ಅವನು ಮೂಲೆ ಹಿಡಿದು ಕುಳಿತರೆ ಅವನ ಪಾಲಿನ ದುಡಿಮೆಯನ್ನು ಅಣ್ಣನೋ ಚಿಕ್ಕಪ್ಪನ ಮಗನೋ ಮಾಡುತ್ತಿದ್ದ. ಎಂಟನೆಯ ದಿನ ಅವನು ಎದ್ದು ಬಂದರೆ ದನ ಅಲ್ಲಿಯೇ ಇತ್ತು, ಗದ್ದೆ ಅಲ್ಲಿಯೇ ಇತ್ತು. ಬಾರದ ದಿನಗಳ ಹೊರೆಯನ್ನು ಒಕ್ಕ ಹೊರುತ್ತಿತ್ತು. ಈ ವ್ಯವಸ್ಥೆಯ ಗುಟ್ಟು ಕರುಣೆಯಲ್ಲಿರಲಿಲ್ಲ, ರಚನೆಯಲ್ಲಿತ್ತು.

ಆದರೆ ಹಳೆಯದೆಲ್ಲವನ್ನೂ ಹೊನ್ನೆಂದು ಬಗೆಯುವುದು ಚರಿತ್ರೆಯ ಓದಿಗೆ ಸಲ್ಲದು. ಒಕ್ಕದ ಆಸರೆ ಭೂಮಿಯಿದ್ದವರ ಆಸರೆ. ಅದೇ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತದಂತೆ ದುಡಿದ ಎರವರಿಗೆ ಜಮ್ಮಾ ಭೂಮಿಯಿರಲಿಲ್ಲ, ಬೀಳುವಾಗ ಹಿಡಿಯುವ ಐನ್‌ಮನೆಯಿರಲಿಲ್ಲ. ಭೂಮಿಯಿದ್ದ ಮನೆಗಳಲ್ಲಿಯೂ ಉಗ್ರವಾಗಿ ಕೆರಳಿದವರನ್ನು ಕೋಣೆಯಲ್ಲಿ ಕೂಡಿಹಾಕುವುದು, ಕಟ್ಟಿಹಾಕುವುದು, ಮಂತ್ರವಾದಿಯ ಕೈಗೆ ಒಪ್ಪಿಸುವುದು ನಮ್ಮ ದೇಶದ ಎಲ್ಲೆಡೆಯಂತೆ ನಡೆಯುವ ಸಂಗತಿಯೇ. ಹೆಣ್ಣಿನ ಪಾಡು ಇನ್ನೂ ಬೇರೆ. ಮದುವೆಯಾಗಿ ಹೋದ ಒಕ್ಕದಲ್ಲಿ ಅವಳಿಗೆ ವ್ಯಾಧಿ ಬಂದರೆ ತವರಿಗೆ ಮರಳುವುದೇ ಅವಳ ಹಣೆಬರಹವಾಗುತ್ತಿತ್ತು. ಇಷ್ಟನ್ನೂ ಒಪ್ಪಿಕೊಂಡ ಮೇಲೆಯೂ ಒಂದು ಮಾತು ಉಳಿಯುತ್ತದೆ. ಬಾರದ ದಿನದ ಹೊರೆಯನ್ನು ಹಂಚಿಕೊಳ್ಳುವವರಿದ್ದಲ್ಲಿ ಚಿತ್ತ ಕದಡಿದವನೂ ದುಡಿಯುವವರ ಸಾಲಿನಲ್ಲಿಯೇ ಉಳಿಯುತ್ತಾನೆ.

ಇದು ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದ ಅನುಭವವಲ್ಲ. ಬೆಲ್ಜಿಯಂ ದೇಶದಲ್ಲಿ ಗೀಲ್ ಎಂಬ ಒಂದು ಊರಿದೆ. ಮಧ್ಯಯುಗದಲ್ಲಿ ಅಲ್ಲಿಯ ಸಂತ ಡಿಂಫ್ನಾಳ ಗುಡಿಗೆ ಬುದ್ಧಿಭ್ರಮಣೆಯವರನ್ನು ಹರಕೆ ಹೊತ್ತು ಕರೆತರುತ್ತಿದ್ದರು. ಗುಡಿಯಲ್ಲಿ ಸ್ಥಳ ಸಾಲದೆ ಅವರನ್ನು ಊರಿನ ರೈತರು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಉಂಡಲ್ಲಿ ಉಂಡು, ದುಡಿದಲ್ಲಿ ದುಡಿದು ಅವರು ಆ ಮನೆಯವರೇ ಆದರು. ಶತಮಾನಗಳು ಉರುಳಿದರೂ ಆ ಪದ್ಧತಿ ಅಳಿಯಲಿಲ್ಲ. ಲೋಕದ ವೈದ್ಯರು ಅದನ್ನು ನೋಡಲು ಹೋಗುತ್ತಿದ್ದರು. ದೊಡ್ಡ ವೀರರಾಜೇಂದ್ರನು ಕೊಡಗನ್ನು ಆಳುತ್ತಿದ್ದ ದಿನಗಳಲ್ಲಿಯೇ, 1796ರಲ್ಲಿ, ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ಮನೋರೋಗಿಗಳಿಗಾಗಿ ಒಂದು ವಿಶ್ರಾಂತಿಧಾಮವನ್ನು ತೆರೆದನು. ಸಂಕೋಲೆಗಿಂತ ಸೌಜನ್ಯವೂ ದಿನನಿತ್ಯದ ದುಡಿಮೆಯೂ ಹೆಚ್ಚು ಹಿತವೆಂಬುದು ಅಲ್ಲಿಯ ನಂಬಿಕೆಯಾಗಿತ್ತು.

ಕೊಡಗಿಗೆ ಮರಳೋಣ. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಇಂಗ್ಲಿಷ್ ತೋಟಗಾರ ಕಾಫಿ ತೋಟವನ್ನು ತೆರೆದಂದಿನಿಂದ ನಾಡಿನ ದುಡಿಮೆಯ ಸ್ವರೂಪವೇ ಬದಲಾಯಿತು. ಕಾಡು ಕಡಿದು ತೋಟ ಎಬ್ಬಿಸುವುದಕ್ಕೆ, ಕೊಯ್ಲಿಗೆ, ಮೈಸೂರು ಸೀಮೆಯಿಂದಲೂ ದಕ್ಷಿಣ ಕನ್ನಡದಿಂದಲೂ ಮಲಬಾರಿನಿಂದಲೂ ಆಳುಗಳು ಬಂದರು. ಮೇಸ್ತ್ರಿ ಮುಂಗಡ ಕೊಟ್ಟು ಅವರನ್ನು ಕರೆತಂದನು. ಬೆಳಗ್ಗೆ ಹಾಜರಿ; ರೈಟರನ ಚೆಕ್‌ರೋಲಿನಲ್ಲಿ ಹೆಸರಿನ ಮುಂದೆ ಒಂದು ಗೆರೆ; ಗೆರೆಯಿದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಚರಿತ್ರೆಯಲ್ಲಿ ಮೊದಲ ಸಲ ಬಾರದ ದಿನಗಳಿಗೆ ಒಂದು ಲೆಕ್ಕದ ಪುಸ್ತಕ ಬಂತು. ಮುಂಗಡ ಪಡೆದ ಆಳು ಸಕಾರಣವಿಲ್ಲದೆ ಕೆಲಸಕ್ಕೆ ತಪ್ಪಿಸಿಕೊಂಡರೆ 1859ರ ಕರಾರುಭಂಗ ಕಾಯ್ದೆಯಂತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಾಗಿತ್ತು. ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಸೆರೆವಾಸ. ಕಾಲು ಮುರಿದವನು ಕಾಲನ್ನು ತೋರಿಸಬಹುದು. ಕಿವಿಯಲ್ಲಿ ಯಾರೋ ಮಾತನಾಡುತ್ತಿದ್ದಾರೆಂದು ಹೆದರಿ ಲೈನ್ ಮನೆಯ ಕತ್ತಲಲ್ಲಿ ಕುಳಿತವನು ಮ್ಯಾಜಿಸ್ಟ್ರೇಟರಿಗೆ ಏನನ್ನು ತೋರಿಸಬೇಕು?

ಲೈನ್ ಮನೆ ಎಂದೆ. ತೋಟದ ಆಳಿನ ಬದುಕಿನಲ್ಲಿ ಅದು ಬಹು ಮುಖ್ಯವಾದ ಮಾತು. ಆ ಸಾಲುಮನೆಯ ಒಂದು ಕೋಣೆ ಅವನಿಗೆ ದೊರೆತಿರುವುದು ತೋಟದಲ್ಲಿ ಕೆಲಸವಿರುವುದರಿಂದ. ಕೆಲಸ ಹೋದರೆ ಕೋಣೆಯೂ ಹೋಯಿತು, ಮಕ್ಕಳ ಶಾಲೆಯೂ ಹೋಯಿತು, ಅಂಗಡಿಯ ಸಾಲವೂ ನಿಂತಿತು. ಪಟ್ಟಣದ ಗುಮಾಸ್ತನಿಗೆ ಕೆಲಸ ಹೋದರೆ ಬಡತನ ಬರುತ್ತದೆ. ತೋಟದ ಆಳಿಗೆ ಕೆಲಸ ಹೋದರೆ ನೆಲೆಯೇ ತಪ್ಪುತ್ತದೆ. ಸ್ವಾತಂತ್ರ್ಯಾನಂತರ 1951ರಲ್ಲಿ ಬಂದ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ತೋಟದ ಮಾಲೀಕನು ವಸತಿ, ವೈದ್ಯೋಪಚಾರ, ಕಾಯಿಲೆಯ ದಿನಗಳ ಭತ್ಯೆಗಳನ್ನು ಒದಗಿಸಬೇಕೆಂದು ವಿಧಿಸಿತು. ಅದು ದೊಡ್ಡ ಹೆಜ್ಜೆಯೇ ಸರಿ. ಆದರೆ ಕಾಯಿಲೆಯ ಭತ್ಯೆಗೆ ವೈದ್ಯರ ಪತ್ರ ಬೇಕು. ವೈದ್ಯರ ಬಳಿಗೆ ಹೋಗಲು ಇದು ಕಾಯಿಲೆಯೆಂದು ಒಪ್ಪಿಕೊಂಡಿರಬೇಕು. ಮನೋರೋಗದ ವಿಷಯದಲ್ಲಿ ತಪ್ಪುವುದು ಆ ಮೊದಲ ಮೆಟ್ಟಿಲೇ.

ವಿಚಿತ್ರವೆಂದರೆ, ಲೋಕರೂಢಿಗಿಂತ ಕಾನೂನೇ ಇಲ್ಲಿ ಉದಾರವಾಗಿತ್ತು. ಕೂಲಿಯೆಂಬುದು ಒಂದು ಕರಾರು. ಕರಾರಿಗೆ ಸ್ವಸ್ಥಚಿತ್ತ ಬೇಕು. ಆದರೆ 1872ರ ಭಾರತೀಯ ಕರಾರು ಕಾಯ್ದೆಯ ಹನ್ನೆರಡನೆಯ ಕಲಮು, ಸಾಮಾನ್ಯವಾಗಿ ಅಸ್ವಸ್ಥಚಿತ್ತನಾಗಿದ್ದು ನಡುನಡುವೆ ಸ್ವಸ್ಥನಾಗುವ ಮನುಷ್ಯ ತಾನು ಸ್ವಸ್ಥನಾಗಿರುವ ಅವಧಿಯಲ್ಲಿ ಕರಾರು ಮಾಡಿಕೊಳ್ಳಬಹುದೆಂದು ಸ್ಪಷ್ಟವಾಗಿ ಒಪ್ಪುತ್ತದೆ. ಹುಚ್ಚು ಎಂಬುದು ಒಮ್ಮೆ ಬಿದ್ದರೆ ಹೋಗದ ಬಣ್ಣವಲ್ಲ, ಬಂದು ಹೋಗುವ ಮಳೆಯಂಥದು ಎಂಬ ತಿಳಿವಳಿಕೆ ಆ ಕಲಮಿನಲ್ಲಿದೆ. ನಮ್ಮ ಬೀದಿಗಳು ಆ ತಿಳಿವಳಿಕೆಗೆ ಇನ್ನೂ ಬಂದಿಲ್ಲ.

ಕೊಡಗಿನಲ್ಲಿ ಮನೋರೋಗದ ಆಸ್ಪತ್ರೆ ಇರಲಿಲ್ಲ. ದೊಡ್ಡ ಚಿಕಿತ್ಸೆಗೆ ನಾಡು ಹೊರಗೆ ನೋಡಬೇಕಾಗಿತ್ತು. ಕನ್ನಡ ನಾಡಿನಲ್ಲಿ ಆ ಚಿಕಿತ್ಸೆಯ ಹಿರಿಯ ನೆಲೆ ಬೆಂಗಳೂರು. 1847ರಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರ ಕಾಲದಲ್ಲಿ ಅಲ್ಲಿ ಹುಚ್ಚಾಸ್ಪತ್ರೆ ಆರಂಭವಾಯಿತು. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. ಹೆಸರಿನ ಬದಲಾವಣೆ ಸಣ್ಣದಲ್ಲ. ಮುಂದಿನ ದಶಕದಲ್ಲಿ ಅದು ಊರ ಹೊರಗಿನ ವಿಶಾಲವಾದ ನಿವೇಶನಕ್ಕೆ ಬಂತು. ಡಾಕ್ಟರ್ ಫ್ರಾಂಕ್ ನೊರೋನ್ಹ, ಅವರ ಬಳಿಕ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿ ಅದನ್ನು ಬೆಳೆಸಿದರು. 1954ರಲ್ಲಿ ಅದರ ಜೊತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ಇಂದು ಎಲ್ಲರೂ ಬಲ್ಲ ನಿಮ್ಹಾನ್ಸ್ ಆಯಿತು.

ಹತ್ತೊಂಬತ್ತನೆಯ ಶತಮಾನದ ಇಂಥ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಒಂದು ಸ್ಥಾನವಿತ್ತು. ತೋಟಗಾರಿಕೆ, ನೇಯ್ಗೆ, ಅಡುಗೆಮನೆಯ ಚಾಕರಿ ರೋಗಿಯ ಮನಸ್ಸನ್ನು ಹಿಡಿದು ನಿಲ್ಲಿಸುತ್ತವೆಂದು ವೈದ್ಯರು ಕಂಡಿದ್ದರು. ಅಮೆರಿಕದ ಅಡಾಲ್ಫ್ ಮೇಯರ್ 1922ರಲ್ಲಿ ಇದಕ್ಕೆ ಒಂದು ತತ್ತ್ವವನ್ನೇ ಬರೆದರು. ದುಡಿಮೆ, ಆಟ, ವಿಶ್ರಾಂತಿ, ನಿದ್ರೆ ಇವುಗಳ ಲಯ ತಪ್ಪಿದಾಗ ಮನುಷ್ಯ ಕೆಡುತ್ತಾನೆ, ಲಯ ಕೂಡಿದಾಗ ಸುಧಾರಿಸುತ್ತಾನೆ ಎಂಬುದು ಅದರ ತಿರುಳು. ಆದರೆ ಗೋಡೆಯ ಒಳಗಿನ ದುಡಿಮೆಗೆ ಒಂದು ದೊಡ್ಡ ಕೊರತೆಯಿತ್ತು. ಅಲ್ಲಿ ಬುಟ್ಟಿ ಹೆಣೆದವನು ಹೊರಗೆ ಬಂದಾಗ ಅವನ ಬುಟ್ಟಿ ಹೊರಗೆ ಬರುತ್ತಿರಲಿಲ್ಲ. ಆಸ್ಪತ್ರೆಯ ಕೈತೋಟವನ್ನು ಹತ್ತು ವರ್ಷ ನೋಡಿಕೊಂಡವನಿಗೂ ಊರಿನಲ್ಲಿ ಒಂದು ಗುದ್ದಲಿ ಕೊಡುವವರಿರಲಿಲ್ಲ.

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧದ ಗುಣ ಬೆಳಕಿಗೆ ಬಂದಮೇಲೆ ಈ ಕೊರತೆ ಇನ್ನೂ ಕಣ್ಣಿಗೆ ಹೊಡೆಯುವಂತಾಯಿತು. ವರ್ಷಗಟ್ಟಲೆ ಒಳಗಿರುತ್ತಿದ್ದವರು ಕೆಲವೇ ವಾರಗಳಲ್ಲಿ ಮನೆಗೆ ಹೊರಡುವಂತಾದರು. ಹೋಗುವುದು ಎಲ್ಲಿಗೆ? ನಮ್ಮ ಸಾಹಿತ್ಯ ಈ ಪ್ರಶ್ನೆಯನ್ನು ಸರ್ಕಾರಕ್ಕಿಂತ ಮೊದಲೇ ಕೇಳಿತು. ತ್ರಿವೇಣಿಯವರ ‘ಶರಪಂಜರ’ದ ನಾಯಕಿ ಕಾವೇರಿಯನ್ನು ಮರೆತವರು ಯಾರು? 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದಾಗ ಕೊಡಗಿನ ಕಾವೇರಿಯ ಚೆಲುವನ್ನು ಹಾಡಿದ ಗೀತೆ ಮನೆಮಾತಾಯಿತು. ಆ ಹೆಸರಿನ ಹೆಣ್ಣಿನ ಪಾಡು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಬರುತ್ತಾಳೆ. ಅವಳನ್ನು ಮತ್ತೆ ಕೆಡಿಸುವುದು ರೋಗವಲ್ಲ. ಮನೆಯವರ ನೋಟ, ನೆರೆಹೊರೆಯ ಪಿಸುಮಾತು. ಅವಳ ಮನೆಯಲ್ಲಿ ಅವಳ ಸ್ಥಾನವೇ ಅವಳಿಗೆ ಮರಳಿ ದೊರೆಯುವುದಿಲ್ಲ. ವೈದ್ಯರೂ ಹಾಸ್ಯಲೇಖಕರೂ ಆಗಿದ್ದ ‘ರಾಶಿ’ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದನ್ನೂ ಇಲ್ಲಿ ನೆನೆಯಬೇಕು. ಮನೋರೋಗವನ್ನು ಕನ್ನಡದಲ್ಲಿ ಮಾತನಾಡಲು ಸಾಧ್ಯವಾದದ್ದು ಇಂಥವರಿಂದ.

ಆಸ್ಪತ್ರೆಯವರೂ ಸುಮ್ಮನಿರಲಿಲ್ಲ. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪಿತವಾದ ಮೆಡಿಕೊ ಪಾಸ್ಟೊರಲ್ ಅಸೋಸಿಯೇಷನ್, ಆಸ್ಪತ್ರೆಗೂ ಮನೆಗೂ ನಡುವೆ ತಂಗುವ ಅರೆದಾರಿ ಮನೆಯನ್ನು ಎಪ್ಪತ್ತರ ದಶಕದಲ್ಲಿ ತೆರೆಯಿತು. 1986ರಲ್ಲಿ ರಿಚ್ಮಂಡ್ ಫೆಲೋಶಿಪ್ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. ನಿಮ್ಹಾನ್ಸ್ ಎಪ್ಪತ್ತರ ದಶಕದಲ್ಲಿ ಆನೇಕಲ್ ಬಳಿಯ ಸಕಲವಾರದಲ್ಲಿ ಹಳ್ಳಿಯ ಕೇಂದ್ರವನ್ನು ನಡೆಸಿ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಆ ಪ್ರಯೋಗವನ್ನು ವಿಸ್ತರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅದು ಇಂದು ಕೊಡಗನ್ನೂ ಒಳಗೊಂಡಿದೆ. ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸಿನ ವೈದ್ಯರು ಸ್ಕಿಜೋಫ್ರೇನಿಯ, ಅಂದರೆ ಛಿದ್ರಮನಸ್ಕತೆಯಿಂದ ನರಳುವವರನ್ನು ಮನೆಮನೆಗೆ ಹೋಗಿ ಹುಡುಕಿ, ವರ್ಷಗಳ ಕಾಲ ಅವರ ಬೆನ್ನುಹತ್ತಿ ನಡೆಸಿದ ಅಧ್ಯಯನ ನಮಗೆ ಬಹಳ ಹತ್ತಿರದ್ದು. ಅಡಕೆ ತೋಟ, ಭತ್ತದ ಗದ್ದೆ, ಬಿಡದ ಮಳೆ, ಕೊಡಗಿನಂಥದೇ ಸೀಮೆ. ಊರಿನಲ್ಲಿಯೇ ಉಳಿದು ಔಷಧವನ್ನು ಪಡೆದವರ ಅಸಾಮರ್ಥ್ಯ, ಔಷಧವೇ ಇಲ್ಲದವರದಕ್ಕಿಂತ ಗಣನೀಯವಾಗಿ ಕಡಿಮೆಯಿತ್ತೆಂಬುದು ಅಲ್ಲಿ ಕಂಡುಬಂದ ಸತ್ಯ. ಚಿಕಿತ್ಸೆ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಚಿಕಿತ್ಸೆ ಮನುಷ್ಯನನ್ನು ಕೆಲಸದ ಬಾಗಿಲವರೆಗೆ ತರಬಹುದು, ಒಳಗೆ ಕರೆಯುವವರು ಬೇರೆ ಬೇಕು. ಈ ವಿಷಯದಲ್ಲಿ ಲೋಕ ಕಲಿತ ಎರಡು ಪಾಠಗಳನ್ನು ಹೇಳುತ್ತೇನೆ. ಮೊದಲನೆಯದು ನ್ಯೂಯಾರ್ಕಿನದು. ಆಸ್ಪತ್ರೆಯಿಂದ ಬಿಡುಗಡೆಯಾದ ಕೆಲವರು ತಾವೇ ಕಟ್ಟಿಕೊಂಡ ಗೆಳೆಯರ ಕೂಟದಿಂದ 1948ರಲ್ಲಿ ಫೌಂಟನ್ ಹೌಸ್ ಎಂಬ ಮನೆ ಹುಟ್ಟಿತು. ಅಲ್ಲಿ ಅವರು ರೋಗಿಗಳಲ್ಲ, ಸದಸ್ಯರು. ಮುಂದೆ ಆ ಮನೆ ಒಂದು ಉಪಾಯವನ್ನು ಕಂಡುಹಿಡಿಯಿತು. ಅಂಗಡಿ, ಕಚೇರಿಗಳ ಮಾಲೀಕರಿಂದ ಒಂದೊಂದು ಕೆಲಸವನ್ನು ಮನೆಯ ಹೆಸರಿನಲ್ಲಿಯೇ ಪಡೆದು ಅದನ್ನು ಸದಸ್ಯನೊಬ್ಬನಿಗೆ ಕೊಡುವುದು. ಅವನು ಹೋಗಲಾಗದ ದಿನ ಇನ್ನೊಬ್ಬ ಸದಸ್ಯನೋ ಮನೆಯ ಸಿಬ್ಬಂದಿಯೋ ಹೋಗಿ ಆ ಕೆಲಸವನ್ನು ಮುಗಿಸುವುದು. ಮಾಲೀಕನಿಗೆ ನಷ್ಟವಿಲ್ಲ, ಸದಸ್ಯನಿಗೆ ಸ್ಥಾನ ತಪ್ಪುವುದಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ಐನ್‌ಮನೆ. ಅಣ್ಣನೋ ಚಿಕ್ಕಪ್ಪನ ಮಗನೋ ಮಾಡುತ್ತಿದ್ದುದನ್ನು ಅಪರಿಚಿತರ ಮಹಾನಗರ ಹೊಸದಾಗಿ ಕಟ್ಟಿಕೊಂಡಿತ್ತು.

ಎರಡನೆಯ ಪಾಠ ತೊಂಬತ್ತರ ದಶಕದಲ್ಲಿ ಅದೇ ದೇಶದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದಿಂದ ಬಂತು. ಅಲ್ಲಿಯವರೆಗೆ ಎಲ್ಲೆಡೆಯೂ ನಡೆದುಬಂದ ಕ್ರಮ, ಮೊದಲು ತರಬೇತು, ಬಳಿಕ ಕೆಲಸ. ತರಬೇತಿಗೆ ಕೊನೆಯೇ ಇರುತ್ತಿರಲಿಲ್ಲ. ಮೇಣದಬತ್ತಿ, ಕಾಗದದ ಚೀಲ ಮಾಡುತ್ತ ಜನರ ಆಯುಸ್ಸೇ ಸವೆಯುತ್ತಿತ್ತು. ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಈ ಕ್ರಮವನ್ನು ತಿರುಗಿಸಿದರು. ಕೆಲಸ ಮಾಡಬೇಕೆಂದು ಬಯಸುವವನನ್ನು ಯೋಗ್ಯತೆಯ ಪರೀಕ್ಷೆಗೆ ಒಡ್ಡದೆ, ಅವನಿಗೆ ಇಷ್ಟವಾದ ನಿಜವಾದ ಕೆಲಸವನ್ನು ಬೇಗನೆ ಹುಡುಕಿಕೊಡುವುದು. ಕಲಿಯಬೇಕಾದುದನ್ನು ಅಲ್ಲಿಯೇ ಕಲಿ ಎನ್ನುವುದು. ಎಲ್ಲಕ್ಕಿಂತ ಮಿಗಿಲಾಗಿ, ಕೆಲಸ ಸಿಕ್ಕ ಮೇಲೆ ಕೈಬಿಡದೆ ಅವನ ಜೊತೆಗೂ ಮಾಲೀಕನ ಜೊತೆಗೂ ವೈದ್ಯರ ಜೊತೆಗೂ ನಿರಂತರ ಮಾತುಕತೆ ಇಟ್ಟುಕೊಳ್ಳುವುದು. ಅನೇಕ ದೇಶಗಳಲ್ಲಿ ಹೋಲಿಸಿ ನೋಡಿದಾಗ ಹಳೆಯ ಕ್ರಮಕ್ಕಿಂತ ಈ ಕ್ರಮದಲ್ಲಿ ಸುಮಾರು ಎರಡು ಪಟ್ಟು ಮಂದಿ ಕೆಲಸಕ್ಕೆ ಸೇರಿದ್ದು ಕಂಡುಬಂತು. ಕೆಲಸವೆಂಬುದು ಗುಣವಾದ ಮೇಲೆ ದೊರೆಯುವ ಬಹುಮಾನವಲ್ಲ, ಗುಣವಾಗುವ ದಾರಿಯಲ್ಲಿ ಊರುವ ಕೋಲು ಎಂಬುದು ಹೀಗೆ ಎಣಿಕೆಯಿಂದಲೂ ಸಿದ್ಧವಾಯಿತು.

ನಮ್ಮ ಕಾಫಿ ತೋಟದಲ್ಲಿ ಇದರ ಅರ್ಥವೇನು? ಆಸ್ಪತ್ರೆಯಿಂದ ಮರಳಿದ ಒಬ್ಬ ಆಳನ್ನು ಊಹಿಸಿಕೊಳ್ಳೋಣ. ಇರುಳು ತೆಗೆದುಕೊಂಡ ಮಾತ್ರೆಯ ಮಂಪರು ಬೆಳಗ್ಗೆ ಎಂಟರವರೆಗೂ ಇಳಿಯುವುದಿಲ್ಲ. ಮೇಸ್ತ್ರಿಯ ಕಣ್ಣಿಗೆ ಅದು ಮೈಗಳ್ಳತನ. ಹಾಜರಿಯನ್ನು ಒಂದು ಗಂಟೆ ತಡವಾಗಿ ಹಾಕಿಕೊಂಡು ಸಂಜೆ ಅಷ್ಟು ಹೊತ್ತು ಹೆಚ್ಚು ದುಡಿಸಿಕೊಂಡರೆ ಇಬ್ಬರಿಗೂ ನಷ್ಟವಿಲ್ಲ. ಕೆಲವು ಮಾತ್ರೆಗಳಿಂದ ಬಿಸಿಲನ್ನು ತಾಳುವ ಶಕ್ತಿ ತಗ್ಗುತ್ತದೆ, ಕೈ ನಡುಗುತ್ತದೆ. ಏಣಿ ಹತ್ತಿ ನೆರಳು ಮರದ ಕೊಂಬೆ ಸವರುವ ಕೆಲಸ, ಮೆಣಸು ಕೊಯ್ಯುವ ಕೆಲಸ ಅವನಿಗೆ ಬೇಡ. ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬಬಹುದು, ಗಿಡದ ಬುಡದ ಹಸಿಚಿಗುರು ಮುರಿಯಬಹುದು, ಕಣದಲ್ಲಿ ಕಾಫಿ ತಿರುವಬಹುದು. ಕೊಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದ ಅವಸರ. ಆಗ ಅವನನ್ನು ಪೈಪೋಟಿಗೆ ಹಚ್ಚದೆ ದಿನಗೂಲಿಯಲ್ಲಿಯೇ ಉಳಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಔಷಧಕ್ಕೆ ಮಡಿಕೇರಿಗೆ ಹೋಗುವ ದಿನವನ್ನು ಗೈರುಹಾಜರಿಯೆಂದು ಬರೆಯದಿರಬಹುದು. ಅವನು ಎರಡು ದಿನ ನಿದ್ದೆಗೆಟ್ಟು ಒಬ್ಬನೇ ಮಾತನಾಡತೊಡಗಿದರೆ ಯಾರಿಗೆ ಹೇಳಬೇಕೆಂಬುದನ್ನು, ಅವನು ಚೆನ್ನಾಗಿರುವಾಗಲೇ ಅವನನ್ನೇ ಕೇಳಿ, ಅವನ ಒಪ್ಪಿಗೆಯಿಂದ ಗೊತ್ತುಮಾಡಿಕೊಂಡಿರಬಹುದು. ಲೈನ್ ಮನೆಯ ಕೋಣೆಯ ಬೀಗ, ಅವನು ಆಸ್ಪತ್ರೆಯಲ್ಲಿರುವ ತಿಂಗಳಲ್ಲಿ, ಇನ್ನೊಬ್ಬರ ಕೈಗೆ ಹೋಗದಂತೆ ನೋಡಿಕೊಳ್ಳಬಹುದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಡ. ಬೇಕಾದುದು ಮೇಸ್ತ್ರಿಗೂ ವೈದ್ಯರಿಗೂ ನಡುವೆ ಓಡಾಡುವ, ಇಬ್ಬರ ಮಾತನ್ನೂ ಬಲ್ಲ ಒಬ್ಬ ಮನುಷ್ಯ. ಆಸ್ಪತ್ರೆಯ ಸಮಾಜಕಾರ್ಯಕರ್ತರು ಇದ್ದಾರೆ, ಆಶಾ ಕಾರ್ಯಕರ್ತೆಯರು ಇದ್ದಾರೆ; ಈ ಓಡಾಟ ತಮ್ಮ ಕರ್ತವ್ಯದ ಭಾಗವೆಂದು ಅವರಿಗೆ ಹೇಳುವವರು ಬೇಕು.

ಕಾನೂನು ಈಚೆಗೆ ಬಹಳ ದೂರ ಬಂದಿದೆ. 1912ರ ಕಾಯ್ದೆಯ ಭಾಷೆಯಲ್ಲಿ ರೋಗಿ ‘ಲುನಾಟಿಕ್’ ಆಗಿದ್ದನು. 1995ರ ಕಾಯ್ದೆ ಮನೋರೋಗವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿ, ಸರ್ಕಾರಿ ನೌಕರನು ಸೇವೆಯಲ್ಲಿರುವಾಗ ವೈಕಲ್ಯಕ್ಕೆ ತುತ್ತಾದರೆ ಅವನನ್ನು ತೆಗೆದುಹಾಕಬಾರದು, ಬೇರೆ ಹುದ್ದೆಗೆ ಬದಲಾಯಿಸಬೇಕೆಂದಿತು. 2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕೊಟ್ಟ ಶೇಕಡಾ 4ರ ಮೀಸಲಿನಲ್ಲಿ 1 ಭಾಗವನ್ನು ಮನೋರೋಗವೂ ಸೇರಿದಂತೆ ಕೆಲವು ವೈಕಲ್ಯಗಳು ಹಂಚಿಕೊಳ್ಳುತ್ತವೆ. 2021ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕೇಂದ್ರ ಮೀಸಲು ಪೊಲೀಸ್ ಪಡೆಯ ನೌಕರನೊಬ್ಬನ ಮೊಕದ್ದಮೆಯಲ್ಲಿ, ಮನೋವೈಕಲ್ಯವುಳ್ಳವನ ಮೇಲೆ ಶಿಸ್ತುಕ್ರಮ ಹೂಡುವುದೂ ಪರೋಕ್ಷವಾದ ತಾರತಮ್ಯವೇ ಎಂದು ಹೇಳಿತು. ಹಿಂದಿನ ಹುದ್ದೆಗೆ ಅವನು ತಕ್ಕವನಲ್ಲವೆಂದು ಕಂಡರೆ ಬಂದೂಕು ಹಿಡಿಯಬೇಕಿಲ್ಲದ ಬೇರೆ ಕೆಲಸವನ್ನು, ವೇತನ ತಗ್ಗಿಸದೆ, ಕೊಡಬೇಕೆಂದು ವಿಧಿಸಿತು. ಮನೆಗೊಬ್ಬ ಯೋಧನನ್ನು ಕೊಟ್ಟ ಕೊಡಗಿನಂಥ ನಾಡು ಈ ತೀರ್ಪನ್ನು ಗಮನವಿಟ್ಟು ಓದಬೇಕು.

ಆದರೂ ಈ ಆಶ್ರಯದ ಹೆಚ್ಚಿನ ಪಾಲು ಸರ್ಕಾರಿ ನೌಕರನಿಗೆ. ಮೀಸಲು ತೋಟಕ್ಕೆ ಅನ್ವಯಿಸುವುದಿಲ್ಲ. 2015-16ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ವಯಸ್ಕರಲ್ಲಿ ನೂರಕ್ಕೆ 0.8ರಷ್ಟು ಮಂದಿ ತೀವ್ರ ಮನೋರೋಗದಿಂದ ನರಳುತ್ತಿದ್ದಾರೆಂದು ಕಂಡಿತು. 2011ರ ಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಆ ಪ್ರಮಾಣ ಇಲ್ಲಿಗೂ ಸಲ್ಲುವುದಾದರೆ ಈ ಪುಟ್ಟ ಜಿಲ್ಲೆಯಲ್ಲಿ ಅಂಥವರು ಸುಮಾರು ಮೂರು ಸಾವಿರ. ಅವರಲ್ಲಿ ಬಹುಮಂದಿ ದುಡಿಯುವ ವಯಸ್ಸಿನವರು, ದುಡಿದು ಉಣ್ಣಬೇಕಾದವರು. ಒಕ್ಕಗಳು ಒಡೆದಿವೆ, ಐನ್‌ಮನೆಗಳಲ್ಲಿ ಹಬ್ಬಕ್ಕೆ ಮಾತ್ರ ದೀಪ ಉರಿಯುತ್ತದೆ. ಲೈನ್ ಮನೆಯವರಿಗೆ ಒಕ್ಕವೆಂಬುದು ಮೊದಲೂ ಇರಲಿಲ್ಲ.

ಗದ್ದುಗೆಯಲ್ಲಿ ಮಲಗಿರುವ ಅರಸನಿಗೆ ಅಧಿಕಾರವಿತ್ತು. ಅವನ ಆವೇಶವನ್ನು ತಡೆಯುವ ಔಷಧವಿರಲಿಲ್ಲ, ನಿಲ್ಲು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಇಂದು ಔಷಧವಿದೆ. ಅವನಿಗೆ ಬೇಡದೆಯೇ ದೊರೆತ ಇನ್ನೊಂದು ಸವಲತ್ತು ಮಾತ್ರ, ಎದ್ದು ಬಂದ ದಿನ ತನ್ನ ಜಾಗ ತನಗಾಗಿ ಕಾದಿರುತ್ತದೆಂಬ ಭರವಸೆ, ಸಾಮಾನ್ಯನಿಗೆ ಇನ್ನೂ ದೊರೆತಿಲ್ಲ. ಅದನ್ನು ಕೊಡಲು ರಾಜ್ಯವೇನೂ ಬೇಡ. ಚೆಕ್‌ರೋಲಿನಲ್ಲಿ ಅವನ ಹೆಸರನ್ನು ಹೊಡೆದುಹಾಕದೆ, ಬಾರದ ದಿನದ ಮುಂದೆ ಒಂದು ಖಾಲಿ ಜಾಗವನ್ನು ಬಿಟ್ಟು, ನಾಳೆಯ ಗೆರೆಗಾಗಿ ಕಾಯುವ ಒಂದು ಕೈ ಸಾಕು.